ಹತ್ತನೇ ಬಂತೆಂದು ತಬಲಾಕ್ಕೆ ಗವಸು ಹಾಕಬೇಡಿ

ಜೂನ್ ನಡುವಿಗೆ ಶಾಲೆ ತೆರೆದ ವಾರದಲ್ಲೇ ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಎಷ್ಟೋ ಮನೆಗಳಲ್ಲಿ ತಬಲಾ ಅಟ್ಟ ಸೇರುತ್ತದೆ. ಓಟದ ಬೂಟು ಮಂಚದ ಕೆಳಗೆ ಹೋಗುತ್ತದೆ, ಬಣ್ಣದ ಪೆಟ್ಟಿಗೆ ಕಪಾಟಿನ ಮೇಲೇರುತ್ತದೆ. ಕಾರಣ ಕೇಳಿದರೆ ಒಂದೇ ಮಾತು: ‘ಈ ವರ್ಷ ದಹಾವಿ.’ ತಂದೆ ತಾಯಿಯ ಆತಂಕ ಸುಳ್ಳಲ್ಲ. ಯಂತ್ರಮಗ್ಗದ ಕೂಲಿಯಲ್ಲೋ, ಸಣ್ಣ ಅಂಗಡಿಯಲ್ಲೋ, ಮಳೆ ನಂಬಿದ ಹೊಲದಲ್ಲೋ ನಡೆಯುವ ಸಂಸಾರಕ್ಕೆ ಮಗುವಿನ ಮಾರ್ಕುಗಳೇ ಕಣ್ಣಿಗೆ ಕಾಣುವ ಏಕೈಕ ಮೆಟ್ಟಿಲು. ಆದರೂ ನಾನು ಹೇಳಬೇಕೆಂದಿರುವುದು ಇದು: ಹದಿಹರೆಯದ ಮಗುವಿನ ಹಾಡು, ಚಿತ್ರ, ಆಟವನ್ನು ಪರೀಕ್ಷೆಯ ವರ್ಷ ಕಿರಿದು ಮಾಡಿ, ನಿಲ್ಲಿಸಬೇಡಿ. ದಿನಕ್ಕೆ ಎರಡು ತಾಸು ಇದ್ದದ್ದು ಅರ್ಧ ತಾಸಾಗಲಿ, ವಾರಕ್ಕೆ ಆರು ದಿನ ಇದ್ದದ್ದು ಮೂರು ದಿನವಾಗಲಿ. ಸೊನ್ನೆ ಮಾತ್ರ ಆಗಬಾರದು. ಒಂದು ವರ್ಷದ ಮಟ್ಟಿಗೆ ಎಂದು ಅಟ್ಟಕ್ಕೇರಿದ ತಬಲಾ ಹನ್ನೊಂದರಲ್ಲಿ ಇಳಿಯುವುದು ಅಪರೂಪ. ಹನ್ನೊಂದು ಮುಗಿಯುವಷ್ಟರಲ್ಲಿ ಹನ್ನೆರಡರ ಬೋರ್ಡ್ ಪರೀಕ್ಷೆ, ಅದರ ಬೆನ್ನಿಗೇ ಸಿಇಟಿ ಬಂದು ನಿಂತಿರುತ್ತವೆ.

ಮೊದಲು ಹೊತ್ತಿನ ಲೆಕ್ಕ ನೋಡೋಣ. ಅಕ್ಕಲಕೋಟೆಯಲ್ಲಿ ಹತ್ತನೇ ತರಗತಿ ಓದುವ, ಹಾಡು ಕಲಿಯುವ ಒಬ್ಬ ಹುಡುಗಿ ಎಂದುಕೊಳ್ಳಿ. ದಿನದ ಇಪ್ಪತ್ನಾಲ್ಕು ತಾಸಿನಲ್ಲಿ ನಿದ್ದೆಗೆ ಎಂಟೂವರೆ ತಾಸು ತೆಗೆದಿಡಿ. ಶಾಲೆ ಮತ್ತು ಹೋಗಿಬರುವ ದಾರಿಗೆ ಏಳೂವರೆ. ಸ್ನಾನ, ಊಟ, ಅವ್ವನಿಗೆ ಕೈಜೋಡಿಸುವುದು ಎಲ್ಲ ಸೇರಿ ಎರಡೂವರೆ. ಟ್ಯೂಷನ್ನಿಗೆ ಎರಡು, ಮನೆಯಲ್ಲಿ ಕೂತು ಓದುವುದಕ್ಕೆ ಎರಡು. ಇಷ್ಟೆಲ್ಲ ಕಳೆದ ಮೇಲೂ ಒಂದೂವರೆ ತಾಸು ಉಳಿಯುತ್ತದೆ. ಆ ಒಂದೂವರೆ ತಾಸಿಗೆ ಯಜಮಾನ ಇಲ್ಲದಿದ್ದರೆ ಅದು ಮೊಬೈಲಿನ ಪಾಲಾಗುತ್ತದೆ. ರಿಯಾಜ್ ನಿಲ್ಲಿಸಿದ ಮನೆಗಳಲ್ಲಿ ಉಳಿದ ಹೊತ್ತು ಪುಸ್ತಕಕ್ಕೆ ಹೋಗುತ್ತದೆ ಎಂಬುದು ನಮ್ಮ ಆಸೆ. ನಿಜಕ್ಕೂ ಎಲ್ಲಿಗೆ ಹೋಗುತ್ತಿದೆ ಎಂದು ತಿಳಿಯಬೇಕಾದರೆ ಒಂದು ವಾರ ಸುಮ್ಮನೆ ಗಡಿಯಾರ ನೋಡಿ ಬರೆದಿಡಿ. ಆ ಒಂದೂವರೆ ತಾಸಿನಲ್ಲಿ ಅರ್ಧ ತಾಸು ಸಾ–ಪ ಹಿಡಿದು ಕೂತ ಹುಡುಗಿ ಓದಿನಿಂದ ಏನನ್ನೂ ಕಸಿಯುವುದಿಲ್ಲ. ದಿನವಿಡೀ ಇನ್ನೊಬ್ಬರು ಹೇಳಿದ್ದನ್ನೇ ಮಾಡುವ ವರ್ಷದಲ್ಲಿ ತನ್ನದು ಎನ್ನುವ ಒಂದು ಕೆಲಸವನ್ನು ಉಳಿಸಿಕೊಳ್ಳುತ್ತಾಳೆ, ಅಷ್ಟೇ.

ಕಿರಿದು ಮಾಡಿದರೆ ಕಲೆ ಉಳಿಯುತ್ತದೆಯೇ ಎಂದು ಗುರುಗಳೇ ಕೆಲವೊಮ್ಮೆ ಕೇಳುತ್ತಾರೆ. ಉಳಿಯುತ್ತದೆ, ನೇಮ ತಪ್ಪದಿದ್ದರೆ. 1996ರಲ್ಲಿ ಇಂಗ್ಲೆಂಡಿನ ಜಾನ್ ಸ್ಲೊಬೊಡಾ ಮತ್ತು ಸಂಗಡಿಗರು 257 ಎಳೆಯ ಸಂಗೀತಗಾರರ ಅಭ್ಯಾಸವನ್ನು ಅಳೆದು ನೋಡಿದರು. ಮುಂದೆ ಬಂದ ಮಕ್ಕಳಿಗೆ ಯಾವ ಅಡ್ಡದಾರಿಯೂ ಸಿಕ್ಕಿರಲಿಲ್ಲ. ಒಂದು ಹಂತದಿಂದ ಇನ್ನೊಂದಕ್ಕೆ ಏರಲು ಅವರಿಗೂ ಉಳಿದವರಷ್ಟೇ ತಾಸುಗಳು ಬೇಕಾಗಿದ್ದವು. ಅವರು ಹೆಚ್ಚು ಹೊತ್ತು, ಹೆಚ್ಚು ನೇಮದಿಂದ ಕೂತಿದ್ದರು. ಆಸ್ಟ್ರೇಲಿಯಾದ ಗ್ಯಾರಿ ಮೆಕ್‌ಫರ್ಸನ್ ವಾದ್ಯ ಕಲಿಯುವ ಮಕ್ಕಳನ್ನು ಶುರುವಿನಲ್ಲೇ ‘ಇದನ್ನು ಎಷ್ಟು ಕಾಲ ನುಡಿಸುತ್ತೀ?’ ಎಂದು ಕೇಳಿದರು. ಒಂದೇ ಹೊತ್ತು ಅಭ್ಯಾಸ ಮಾಡಿದವರಲ್ಲೂ ‘ಬದುಕಿಡೀ’ ಎಂದುಕೊಂಡ ಮಕ್ಕಳು ಬಹಳ ಮುಂದೆ ಹೋದರು. ನಮ್ಮ ಮಟ್ಟಿಗೆ ಇದರ ಅರ್ಥ ಬಹಳ ಸರಳ. ‘ಹತ್ತನೇವರೆಗೆ ಮಾತ್ರ’ ಎಂದು ಮನೆಯಲ್ಲಿ ದಿನಾ ಕೇಳಿಸಿಕೊಂಡ ಮಗು ಇಂದಿನ ಪಾಠವನ್ನೂ ಅರೆಮನಸ್ಸಿನಿಂದಲೇ ಕಲಿಯುತ್ತದೆ.

ಆಟದಲ್ಲಂತೂ ನಿಲ್ಲಿಸುವ ನಷ್ಟ ಕಣ್ಣಿಗೆ ಕಾಣುವಂಥದು. ಶಾಲಾ ಕ್ರೀಡಾಸ್ಪರ್ಧೆಗಳು 14, 17, 19 ಎಂಬ ವಯಸ್ಸಿನ ಗುಂಪುಗಳಲ್ಲಿ ತಾಲೂಕಿನಿಂದ ಜಿಲ್ಲೆಗೆ, ಅಲ್ಲಿಂದ ಪುಣೆ ವಿಭಾಗಕ್ಕೆ, ಆಮೇಲೆ ರಾಜ್ಯಕ್ಕೆ ಏರುತ್ತವೆ. ಹತ್ತನೆಯ ವಿದ್ಯಾರ್ಥಿ 17ರ ಗುಂಪಿನ ಕೊನೆಗಿರುತ್ತಾನೆ. ಮೈಕಟ್ಟು, ಅನುಭವ ಎರಡೂ ಕೂಡಿಬರುವ ವರ್ಷ ಅದು. ಮೂರು ವರ್ಷ ಖೋಖೋ ಆಡಿದ ಹುಡುಗನನ್ನು ಆ ವರ್ಷವೇ ಮನೆಯಲ್ಲಿ ಕೂರಿಸುವುದು ಬಿತ್ತಿ ಬೆಳೆದು ರಾಶಿಯ ಹೊತ್ತಿಗೆ ಹೊಲ ಬಿಟ್ಟಂತೆ. ಹಾಗೆಂದು ಒಂದೇ ಆಟಕ್ಕೆ ಹತ್ತನೇ ವಯಸ್ಸಿನಿಂದ ವರ್ಷವಿಡೀ ಮಗುವನ್ನು ಹೂಡಬೇಕು ಎಂದೂ ಅರ್ಥವಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ಕೊಟ್ಟ ಸಲಹೆಯ ಪ್ರಕಾರ, ಒಂದೇ ಆಟಕ್ಕೆ ಮೀಸಲಾಗುವುದನ್ನು ಹದಿನೈದು–ಹದಿನಾರರವರೆಗೆ ಮುಂದೂಡಬೇಕು. ವಾರಕ್ಕೆ ಒಂದೆರಡು ದಿನ, ವರ್ಷದಲ್ಲಿ ಒಟ್ಟು ಮೂರು ತಿಂಗಳು ಆ ಆಟದಿಂದ ಬಿಡುವು ಬೇಕು. ನಮ್ಮ ಜಿಲ್ಲೆಯೇ ಇದಕ್ಕೆ ಒಳ್ಳೆಯ ಉದಾಹರಣೆ ಕೊಟ್ಟಿದೆ. ಸೊಲ್ಲಾಪುರ ಜಿಲ್ಲೆಯ ಮಿರೆ ಎಂಬ ಹಳ್ಳಿಯ ಕಿರಣ್ ನವಗಿರೆ ಕಾಲೇಜು ದಿನಗಳಲ್ಲಿ ಭರ್ಜಿ ಎಸೆತ, ಗುಂಡು ಎಸೆತದ ಹುಡುಗಿ. ಕ್ರಿಕೆಟ್ ಆಮೇಲೆ ಬಂತು. 2022ರಲ್ಲಿ ನಾಗಾಲ್ಯಾಂಡ್ ಪರವಾಗಿ ಆಡುತ್ತ 76 ಎಸೆತಗಳಲ್ಲಿ ಔಟಾಗದೆ 162 ರನ್ ಹೊಡೆದರು, ಅದೇ ವರ್ಷ ಭಾರತ ತಂಡ ಸೇರಿದರು. ಎಸೆದು ಎಸೆದು ಗಟ್ಟಿಯಾದ ಆ ಭುಜದ ಬಲವನ್ನು ಯಾವ ಕ್ರಿಕೆಟ್ ಅಕಾಡೆಮಿಯೂ ಕೊಟ್ಟಿರಲಿಲ್ಲ. ಮಗು ಆಟ ಬದಲಿಸಿದರೆ ಹಿಂದಿನ ದುಡಿಮೆ ನೀರಲ್ಲಿ ಹೋಯಿತು ಎಂದು ಮರುಗುವ ತಂದೆಯರು ಇದನ್ನು ನೆನಪಿಡಬೇಕು.

ಓದು ಮತ್ತು ಅಭ್ಯಾಸ ಜೊತೆಜೊತೆಗೆ ಸಾಗಬಲ್ಲವು ಎಂಬುದಕ್ಕೆ ಸೊಲ್ಲಾಪುರದವರು ದೂರದ ಅಧ್ಯಯನಗಳನ್ನು ಹುಡುಕಬೇಕಾಗಿಯೂ ಇಲ್ಲ. ಸಂಕ್ರಾಂತಿಯ ಸಿದ್ಧರಾಮೇಶ್ವರ ಜಾತ್ರೆಯನ್ನೇ ನೋಡಿ. ಏಳು ನಂದಿಕೋಲುಗಳು ಊರಿನ ಅರವತ್ತೆಂಟು ಲಿಂಗಗಳ ದಾರಿ ಹಿಡಿಯುತ್ತವೆ. ಬಿಳಿಯ ಬಾರಾಬಂದಿ ತೊಟ್ಟ ತರುಣರು ಆ ಎತ್ತರದ, ಭಾರದ ಕೋಲನ್ನು ಸೊಂಟಕ್ಕೆ ಬಿಗಿದ ಪಟ್ಟಿಗೆ ಊರಿ, ಗಾಳಿಗೆ ತೂಗಾಡುವ ತುದಿಯನ್ನು ಕಣ್ಣಲ್ಲೇ ಹಿಡಿದು ಹೆಜ್ಜೆ ಹಾಕುತ್ತಾರೆ. ಒಬ್ಬನ ಸೊಂಟದಿಂದ ಇನ್ನೊಬ್ಬನ ಸೊಂಟಕ್ಕೆ ಕೋಲು ದಾಟುವ ಆ ಗಳಿಗೆಯಲ್ಲಿ ಸುತ್ತಲಿದ್ದವರು ಉಸಿರು ಬಿಗಿಹಿಡಿಯುತ್ತಾರೆ. ಇದಕ್ಕೆ ಮುಂಚಿನಿಂದಲೇ ಸರಾವು ಬೇಕು: ತೋಳು, ಬೆನ್ನು, ತೂಕದ ಅಂದಾಜು, ಹಿರಿಯರ ಮಾತಿಗೆ ತಕ್ಷಣ ಕಾಲು ಎತ್ತಿಡುವ ಶಿಸ್ತು. ಬೋರ್ಡ್ ಪರೀಕ್ಷೆಗೆ ಆಗ ಉಳಿದಿರುವುದು ಒಂದೆರಡು ತಿಂಗಳು. ಆದರೂ ಮಗನಿಗೆ ಕೋಲು ಹಿಡಿಯಬೇಡ ಎನ್ನಲು ಆ ಮನೆಗಳ ಹಿರಿಯರಿಗೆ ಬಾಯಿ ಬರುವುದಿಲ್ಲ. ಅದನ್ನು ಸೇವೆ ಎಂದು ಅವರು ಬಲ್ಲರು. ಜಾತ್ರೆಗೆ ಕೊಡುವ ಆ ಮರ್ಯಾದೆಯ ಒಂದು ಪಾಲನ್ನು ಮಗಳ ಹಾರ್ಮೋನಿಯಂಗೂ ಮಗನ ಓಟಕ್ಕೂ ಕೊಟ್ಟರೆ ಸಾಕು.

ಈಗ ಬಲವಾದ ಆಕ್ಷೇಪಣೆ: ಕಲೆ, ಆಟ ಹೊಟ್ಟೆಗೆ ಅನ್ನ ಹಾಕುತ್ತವೆಯೇ? ಬಹಳಷ್ಟು ಮಕ್ಕಳಿಗೆ ಹಾಕುವುದಿಲ್ಲ. ಇದನ್ನು ಮುಚ್ಚಿಡುವುದು ಮೋಸ. ಸೊಲ್ಲಾಪುರದ ಹುಡುಗ ಅರ್ಶಿನ್ ಕುಲಕರ್ಣಿ 2024ರಲ್ಲಿ 19ರ ಒಳಗಿನವರ ವಿಶ್ವಕಪ್ ಆಡಿದ. ಅದೇ ವರ್ಷ ಅದೇ ಮೈದಾನಗಳಲ್ಲಿ ಬೆವರು ಸುರಿಸಿದ ನೂರಾರು ಹುಡುಗರ ಹೆಸರು ಎಲ್ಲೂ ಬರಲಿಲ್ಲ. ಹಾಗಾಗಿ ನನ್ನ ಮಾತಿಗೆ ಪದಕ, ಟಿವಿ ಶೋ, ಐಪಿಎಲ್ಲು ಆಧಾರವಲ್ಲ. ಅಭ್ಯಾಸ ಮಾಡುವ ಮಗುವಿನ ಮೈಮನಸ್ಸು ಗಟ್ಟಿಯಿರುತ್ತದೆ, ಹೊತ್ತಿನ ಬೆಲೆ ತಿಳಿದಿರುತ್ತದೆ, ಸೋತು ಮರುದಿನ ಮತ್ತೆ ಎದ್ದು ಹೋಗುವುದು ರೂಢಿಯಾಗಿರುತ್ತದೆ ಎಂಬುದಷ್ಟೇ ಆಧಾರ. ಓದಿಗೆ ಪೆಟ್ಟು ಬೀಳುತ್ತದೆಯೇ ಎಂಬುದಕ್ಕೆ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಒಂದು ಲಕ್ಷಕ್ಕೂ ಮಿಕ್ಕ ವಿದ್ಯಾರ್ಥಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವಿದೆ. ಪ್ರೌಢಶಾಲೆಯಲ್ಲಿ ಸಂಗೀತ ಕಲಿತವರು ಗಣಿತ, ವಿಜ್ಞಾನ, ಭಾಷೆಗಳಲ್ಲಿ ಉಳಿದವರಿಗಿಂತ ಮೇಲಿದ್ದರು. ಸಂಗೀತದಿಂದಲೇ ಮಾರ್ಕು ಬಂತು ಎಂದು ಇದರಿಂದ ಸಾಬೀತಾಗುವುದಿಲ್ಲ, ನೇಮದ ಮಕ್ಕಳೇ ಸಂಗೀತದಲ್ಲೂ ಉಳಿದಿರಬಹುದು. ಆದರೆ ಸಂಗೀತ ಕಲಿತರೆ ಓದು ಕೆಡುತ್ತದೆ ಎಂಬ ಭಯಕ್ಕಂತೂ ಅಲ್ಲಿ ಆಧಾರವಿಲ್ಲ.

ನಮ್ಮ ಜಿಲ್ಲೆಯದೇ ಇನ್ನೊಂದು ಉದಾಹರಣೆ ಅಕಲೂಜದ ರಿಂಕು ರಾಜಗುರು. ಶಾಲೆಯ ಹುಡುಗಿಯಾಗಿದ್ದಾಗಲೇ ನಾಗರಾಜ ಮಂಜುಳೆಯವರ ‘ಸೈರಾಟ್’ನಲ್ಲಿ ನಟಿಸಿ ರಾಷ್ಟ್ರಪ್ರಶಸ್ತಿಯ ವಿಶೇಷ ಉಲ್ಲೇಖ ಪಡೆದಳು, ಅದರ ಕನ್ನಡ ರೂಪ ‘ಮನಸು ಮಲ್ಲಿಗೆ’ಯಲ್ಲೂ ಅವಳೇ ಇದ್ದಳು. ಜನ ಮುಗಿಬೀಳುತ್ತಿದ್ದ ಆ ದಿನಗಳಲ್ಲಿ, 2017ರಲ್ಲಿ, ಹತ್ತನೇ ಪರೀಕ್ಷೆಯನ್ನು ಹೊರಗಿನ ಅಭ್ಯರ್ಥಿಯಾಗಿ ಬರೆದು ಶೇ. 66.40 ಅಂಕ ಪಡೆದಳು. ಎರಡು ವರ್ಷದ ನಂತರ ಹನ್ನೆರಡರಲ್ಲಿ ಶೇ. 82. ಮೊದಲ ಸಂಖ್ಯೆಗಿಂತ ಎರಡನೆಯದು ನನಗೆ ಮುಖ್ಯವಾಗಿ ಕಾಣುತ್ತದೆ. ಕಲೆ ಕೈಗೆ ಬಂದ ಮೇಲೂ ಆ ಮನೆ ಪುಸ್ತಕವನ್ನು ಕೈಬಿಡಲಿಲ್ಲ. ಆದರೆ 17 ನಂಬರ್ ಫಾರ್ಮ್ ತುಂಬಿ ಹೊರಗಿನಿಂದ ಪರೀಕ್ಷೆ ಕಟ್ಟುವ ದಾರಿಯನ್ನು ಎಲ್ಲರೂ ಹಿಡಿಯುವುದು ಬೇಡ. ಶಾಲೆಯ ಹೆಸರಿಲ್ಲದೆ ಶಾಲಾ ಕ್ರೀಡಾಸ್ಪರ್ಧೆಗೆ ಇಳಿಯಲಾಗದು, ಗೆಳೆಯರೂ ದೂರವಾಗುತ್ತಾರೆ. ಕೆಲಸ ನಿಜಕ್ಕೂ ತಿಂಗಳುಗಟ್ಟಲೆ ಊರು ಬಿಡಿಸುವಂತಿದ್ದರೆ ಮಾತ್ರ ಅದು ಕೊನೆಯ ದಾರಿ.

ಶಾಲೆಯೊಳಗೇ ಇರುವವರಿಗೆ ರಾಜ್ಯದ ನಿಯಮಗಳಲ್ಲಿ ಅನುಕೂಲಗಳಿವೆ, ಮನೆಯವರಿಗೆ ಅವು ತಡವಾಗಿ ತಿಳಿಯುತ್ತವೆ. ಕಲಾ ನಿರ್ದೇಶನಾಲಯ ನಡೆಸುವ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಚಿತ್ರಕಲಾ ಪರೀಕ್ಷೆಗಳ ಗ್ರೇಡಿಗೆ, ಕ್ರೀಡೆಯಲ್ಲಿ ಮೇಲಿನ ಹಂತಕ್ಕೆ ಹೋದದ್ದಕ್ಕೆ, ಶಾಸ್ತ್ರೀಯ ಮತ್ತು ಜಾನಪದ ಕಲೆಗೆ ಹತ್ತನೇ ಪರೀಕ್ಷೆಯಲ್ಲಿ ಹೆಚ್ಚಿನ ಅಂಕ ಸಿಗುವ ವ್ಯವಸ್ಥೆ ಇದೆ. ಆದರೆ ಪ್ರಮಾಣಪತ್ರ ಯಾವುದಿರಬೇಕು, ಯಾವ ದಿನಾಂಕದೊಳಗೆ ಶಾಲೆಯಿಂದ ಬೋರ್ಡಿಗೆ ಹೋಗಬೇಕು ಎಂಬುದು ಕಟ್ಟುನಿಟ್ಟು, ನಿಯಮವೂ ಆಗಾಗ ಬದಲಾಗುತ್ತದೆ. ಆದ್ದರಿಂದ ಎಂಟನೇ ತರಗತಿಯಲ್ಲೇ ಮುಖ್ಯಾಧ್ಯಾಪಕರನ್ನು ಕೇಳಿ, ಚಿತ್ರಕಲೆಯ ಎರಡೂ ಪರೀಕ್ಷೆಗಳನ್ನು ಒಂಬತ್ತರೊಳಗೆ ಮುಗಿಸಿಕೊಳ್ಳಿ. ಸಂಗೀತದಲ್ಲಿ ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಳದ ಪರೀಕ್ಷೆಗಳು ಪ್ರಾರಂಭಿಕ, ಪ್ರವೇಶಿಕಾ, ಮಧ್ಯಮಾ, ವಿಶಾರದ ಎಂದು ಏರುತ್ತ ಹೋಗುತ್ತವೆ. ದೊಡ್ಡ ಹಂತವೊಂದನ್ನು ಹತ್ತರ ವರ್ಷಕ್ಕೆ ಇಟ್ಟುಕೊಳ್ಳಬೇಡಿ. ಕೇಂದ್ರ ಸರ್ಕಾರದ ಸಿಸಿಆರ್‌ಟಿ ಸಂಸ್ಥೆ ಸಂಗೀತ, ನೃತ್ಯ, ನಾಟಕ, ಚಿತ್ರ ಕಲಿಯುವ 10ರಿಂದ 14 ವಯಸ್ಸಿನ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುತ್ತದೆ. ಹದಿನೈದು ತುಂಬಿದ ಮೇಲೆ ಅರ್ಜಿ ಹುಡುಕಿದರೆ ಉಪಯೋಗವಿಲ್ಲ.

ಹಣದ ಮಾತೂ ನಿಜ. ಆದರೆ ಮೊದಲ ವರ್ಷವೇ ಹೊಸ ಹಾರ್ಮೋನಿಯಂ, ದುಬಾರಿ ಬ್ಯಾಟು ಕೊಳ್ಳುವ ಅಗತ್ಯವಿಲ್ಲ. ತಂಬೂರಿ, ಸಿತಾರಿಗೆ ಹೆಸರಾದ ಮಿರಜ್ ನಮಗೆ ದೂರವಲ್ಲ, ಮಗು ಎರಡು ವರ್ಷ ತಪ್ಪದೆ ಕೂತ ಮೇಲೆ ಅಲ್ಲಿಗೆ ಹೋಗಬಹುದು. ಓಡುವ ಮಗುವಿಗೆ ಮಾತ್ರ ಮೊದಲ ದುಡ್ಡು ಒಳ್ಳೆಯ ಬೂಟಿಗೇ ಹೋಗಲಿ. ಒಂದೇ ಕೋಣೆಯ ಮನೆಯಲ್ಲಿ ತಬಲಾ ಸದ್ದು ಪಕ್ಕದವರಿಗೆ ತೊಂದರೆ ಎನಿಸಿದರೆ ದಪ್ಪ ಚಾದರವನ್ನು ನಾಲ್ಕು ಮಡಿಕೆ ಮಾಡಿ ಕೆಳಗೆ ಹಾಸಿ, ಹೊತ್ತನ್ನು ಪಕ್ಕದವರೊಂದಿಗೆ ಮಾತಾಡಿ ಗೊತ್ತುಮಾಡಿ. ಸಂಜೆ ಆರರಿಂದ ಆರೂವರೆ ಎಂದು ಮೊದಲೇ ತಿಳಿದಿದ್ದರೆ ನೆರೆಯವರು ಸಿಟ್ಟಾಗುವುದು ಕಡಿಮೆ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಮಾರ್ಕಿಗಿಂತ ಮೊದಲೇ ಕತ್ತಲೆಯ ಮಾತು ಬರುತ್ತದೆ. ಅಕ್ಕಲಕೋಟೆಯಿಂದ ಸೊಲ್ಲಾಪುರ ಸುಮಾರು ನಲವತ್ತು ಕಿಲೋಮೀಟರು. ಕ್ಲಾಸು ಮುಗಿಸಿ ಎಸ್‌ಟಿ ಹಿಡಿದು ಬರುವಷ್ಟರಲ್ಲಿ ರಾತ್ರಿಯಾಗುತ್ತದೆ. ಈ ಭಯಕ್ಕೆ ಮಗಳ ಕಲಿಕೆಯನ್ನು ಬಲಿಕೊಡುವ ಬದಲು ವ್ಯವಸ್ಥೆ ಬದಲಿಸಲು ಸಾಧ್ಯವಿದೆ. ವಾರಕ್ಕೆ ಮೂರು ದಿನದ ಕ್ಲಾಸನ್ನು ರವಿವಾರದ ಒಂದು ಉದ್ದನೆಯ ಪಾಠವಾಗಿಸಲು ಗುರುಗಳನ್ನು ಕೇಳಿ. ಒಂದೇ ಓಣಿಯ ಎರಡು ಮೂರು ಮನೆಗಳು ಸರದಿಯಲ್ಲಿ ಒಬ್ಬ ದೊಡ್ಡವರನ್ನು ಜೊತೆಗೆ ಕಳಿಸಲಿ. 2023ರ ಮಾರ್ಚಿನಿಂದ ಎಸ್‌ಟಿಯಲ್ಲಿ ಹೆಣ್ಣುಮಕ್ಕಳಿಗೆ ಅರ್ಧ ಟಿಕೆಟ್, ಜೊತೆಗೆ ಹೋಗುವ ಅವ್ವನಿಗೂ ಅದೇ ದರ. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತು ಮರಳುತ್ತಿದ್ದರು. ಅವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದವರು. ಮಗಳ ಹಿಂದೂಸ್ತಾನಿ ಕಲಿಕೆಗೆ ತನ್ನ ಹಾಡಿಕೆ ಅಡ್ಡ ಬಂದೀತೆಂದು ತಾವೇ ಹಾಡುವುದನ್ನು ಬಿಟ್ಟರು. ಅಂಥ ತ್ಯಾಗವನ್ನು ಯಾವ ತಾಯಿಯಿಂದಲೂ ಕೇಳಬಾರದು. ವಾರಕ್ಕೊಂದು ಬಸ್ ಪ್ರಯಾಣವನ್ನು ಕೇಳಬಹುದು, ತಂದೆಯಿಂದಂತೂ ಖಂಡಿತ ಕೇಳಬಹುದು.

ಕಿರಿದು ಮಾಡಿದ ಅಭ್ಯಾಸ ಉಳಿಯಬೇಕಾದರೆ ಕಾಯ ಗಟ್ಟಿಯಿರಬೇಕು, ಅದನ್ನು ಕಾಯುವುದು ಮನೆಯ ಕೆಲಸ. ಹದಿಮೂರರಿಂದ ಹದಿನೆಂಟರವರಿಗೆ ಎಂಟರಿಂದ ಹತ್ತು ತಾಸು ನಿದ್ದೆ ಬೇಕೆಂದು ನಿದ್ರಾತಜ್ಞರು ಹೇಳುತ್ತಾರೆ. ಎಂಟಕ್ಕಿಂತ ಕಡಿಮೆ ಮಲಗುವ ಎಳೆಯ ಆಟಗಾರರಿಗೆ ಗಾಯದ ಸಾಧ್ಯತೆ 1.7 ಪಟ್ಟು ಎಂದು 2014ರ ಒಂದು ಅಧ್ಯಯನ ಕಂಡುಕೊಂಡಿತು. ರಾತ್ರಿ ಹನ್ನೊಂದೂವರೆಗೆ ಓದು ಮುಗಿಸಿದ ಹುಡುಗನನ್ನು ಬೆಳಗಿನ ಐದಕ್ಕೆ ಮೈದಾನಕ್ಕೆ ಎಬ್ಬಿಸುವುದು ಶಿಸ್ತಲ್ಲ, ಮೈಗೆ ಮಾಡುವ ಅನ್ಯಾಯ. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ಆಟ ಮುಗಿಯಲಿ, ಉಪ್ಪು ಹಾಕಿದ ಮಜ್ಜಿಗೆ ಚೀಲದಲ್ಲಿರಲಿ. ಡಬ್ಬಿಯ ಪ್ರೋಟೀನ್ ಪುಡಿಗೆ ಸಾವಿರಗಟ್ಟಲೆ ಸುರಿಯುವ ಬದಲು ಮನೆಯಲ್ಲಿರುವುದನ್ನೇ ಹೊಟ್ಟೆತುಂಬ ಕೊಡಿ: ಜೋಳದ ರೊಟ್ಟಿ, ಸೇಂಗಾ ಚಟ್ನಿ, ಮೊಳಕೆ ಕಾಳು, ಹಾಲು, ತಿನ್ನುವವರಿಗೆ ಮೊಟ್ಟೆ. ನೂರು ಗ್ರಾಂ ಸೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ. ದೇಶದಲ್ಲಿ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ಶೇ. 59 ಮಂದಿಗೆ ರಕ್ತಹೀನತೆ ಇದೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತಿಳಿಸಿತು. ಓಡುವ ಹುಡುಗಿ ಬೇಗ ದಣಿಯುತ್ತಿದ್ದರೆ ಸೋಮಾರಿತನ ಎನ್ನುವ ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಮುಟ್ಟು ತಿಂಗಳುಗಟ್ಟಲೆ ತಪ್ಪಿದರೆ, ಮೊಣಕಾಲ ಕೆಳಗಿನ ನೋವು ಎರಡು ವಾರ ಕಳೆದರೂ ಇಳಿಯದಿದ್ದರೆ ವೈದ್ಯರ ಬಳಿ ಹೋಗಲೇಬೇಕು. ಹಾಡುವ ಹುಡುಗರಿಗೆ ಇದೇ ವಯಸ್ಸಿನಲ್ಲಿ ಧ್ವನಿ ಒಡೆಯುತ್ತದೆ. ನಿನ್ನೆ ಸಲೀಸಾಗಿ ತಾರಸಪ್ತಕ ಮುಟ್ಟಿದ ಗಂಟಲು ಇಂದು ಮಧ್ಯಮದಲ್ಲೇ ಬಿರಿಯುತ್ತದೆ, ಹುಡುಗ ನಾಚಿಕೆಯಿಂದ ಹಾಡುವುದನ್ನೇ ಬಿಡುತ್ತಾನೆ. ಆ ತಿಂಗಳುಗಳಲ್ಲಿ ಸ್ಪರ್ಧೆಗೆ ತಳ್ಳಬೇಡಿ. ಪಟ್ಟಿ ಇಳಿಸಿ, ಮಂದ್ರದಲ್ಲಿ ಸ್ವಲ್ಪ ಹೊತ್ತು ಸ್ವರ ಹಚ್ಚಲಿ. ಉಳಿದ ಹೊತ್ತು ತಾಳ, ಹಾರ್ಮೋನಿಯಂ, ಕೇಳ್ಮೆ.

ಕನ್ನಡ ಶಾಲೆಯ ಮಕ್ಕಳ ತಂದೆ ತಾಯಿಗೆ ಇನ್ನೊಂದು ಅಳುಕು: ಕ್ಲಾಸಿನ ಮಾತು ಮರಾಠಿ, ಬಂದಿಶ್ ಹಿಂದಿ, ನಮ್ಮ ಮಗು ಹಿಂದೆ ಬಿದ್ದೀತು. ಈ ಗಡಿಯ ಚರಿತ್ರೆ ಬೇರೆಯೇ ಹೇಳುತ್ತದೆ. ಸೊಲ್ಲಾಪುರದಲ್ಲಿ ಹುಟ್ಟಿದ ಜಯದೇವಿತಾಯಿ ಲಿಗಾಡೆ ಶಾಲೆಯಲ್ಲಿ ಓದಿದ್ದು ಮರಾಠಿ. ಕನ್ನಡವನ್ನು ಆಮೇಲೆ ತಾವೇ ದುಡಿದು ಕಲಿತು, ಸಿದ್ಧರಾಮನ ಮೇಲೆ ಮಹಾಕಾವ್ಯ ಬರೆದು, 1974ರ ಮಂಡ್ಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು, ಆ ಪೀಠದ ಮೊದಲ ಮಹಿಳೆ. ಮಲ್ಲಿಕಾರ್ಜುನ ಮನಸೂರರ ಕಂಠದಲ್ಲಿ ವಚನವೂ ನಾಟ್ಯಗೀತವೂ ಒಟ್ಟಿಗೆ ಇದ್ದವು. ಕ್ಲಾಸಿನಲ್ಲಿ ಅಭಂಗ ಕಲಿತ ಮಗು ಮನೆಯಲ್ಲಿ ಅಜ್ಜಿಗೆ ಒಂದು ವಚನ ಹಾಡಲಿ, ಅದೂ ರಿಯಾಜೇ.

ಮಗುವೇ ಬೇಡ ಎಂದರೆ? ಕೇಳಬೇಕು, ಆದರೆ ಸೋತ ದಿನವಲ್ಲ. ಒಂದು ತಿಂಗಳು ಕಿರಿದಾದ ನೇಮ ನಡೆಸಿ, ಆಮೇಲೂ ಅದೇ ಮಾತಾದರೆ ಕಲೆ ಬೇಡವೋ, ಗುರು ಬೇಡವೋ, ಸ್ಪರ್ಧೆ ಬೇಡವೋ ಎಂದು ಬಿಡಿಸಿ ಕೇಳಿ. ಬೆಂಜಮಿನ್ ಬ್ಲೂಮ್ 1985ರಲ್ಲಿ ಪ್ರಕಟಿಸಿದ, ನೂರಿಪ್ಪತ್ತು ಪ್ರತಿಭಾವಂತರ ಅಧ್ಯಯನದಲ್ಲಿ ಅವರ ಮೊದಲ ಗುರುಗಳು ಬಹುಪಾಲು ದೊಡ್ಡ ಹೆಸರಿನವರಲ್ಲ, ಮಕ್ಕಳ ಮೇಲೆ ಪ್ರೀತಿಯಿದ್ದ ಸಾಧಾರಣ ಶಿಕ್ಷಕರು. ಹೊಡೆಯುವ, ಹೀಯಾಳಿಸುವ, ಪಾಠಕ್ಕೆ ತಂದೆ ತಾಯಿ ಬಂದು ಕೂರುವುದನ್ನು ಒಪ್ಪದ ಕಡೆ ಮಗುವನ್ನು ಬಿಡಬೇಡಿ, ಹೆಸರು ಎಷ್ಟೇ ದೊಡ್ಡದಿರಲಿ. ಭೀಮಸೇನ ಜೋಶಿ 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ ಕಥೆಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಮುಂದಿನ ಭಾಗವನ್ನು ಯಾರೂ ಒತ್ತಿ ಹೇಳುವುದಿಲ್ಲ: ಶಾಲಾಮಾಸ್ತರರಾಗಿದ್ದ ತಂದೆ ಗುರುರಾಜ ಜೋಶಿ ಮಗನನ್ನು ಜಲಂಧರದಲ್ಲಿ ಪತ್ತೆಹಚ್ಚಿ ಕರೆತಂದರು, 1936ರಲ್ಲಿ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಬಳಿ ಪಾಠ ಶುರುವಾಯಿತು. ಮನೆಯಿಂದ ನೂರಾರು ಹರದಾರಿ ಅಲೆದ ಹುಡುಗನಿಗೆ ಬೇಕಾದ ಗುರು ಮನೆಯ ಸೀಮೆಯಲ್ಲೇ ಇದ್ದರು.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ಈ ವರ್ಷ ಟ್ಯೂಷನ್ ಫೀ ತುಂಬುವ ಮೊದಲು ಮಗಳನ್ನೋ ಮಗನನ್ನೋ ಪಕ್ಕಕ್ಕೆ ಕೂರಿಸಿಕೊಂಡು ವಾರದ ವೇಳಾಪಟ್ಟಿ ಬರೆಯಿರಿ. ಮೊದಲು ನಿದ್ದೆಯ ಹೊತ್ತು ಬರೆಯಿರಿ. ಎರಡನೆಯದಾಗಿ ರಿಯಾಜಿನ ಅಥವಾ ಆಟದ ಅರ್ಧ ತಾಸನ್ನು ಮಗುವಿನ ಕೈಯಿಂದಲೇ ಬರೆಸಿ. ಗಣಿತ, ವಿಜ್ಞಾನ, ಟ್ಯೂಷನ್ ಉಳಿದ ಜಾಗದಲ್ಲಿ ಆರಾಮಾಗಿ ಹಿಡಿಸುತ್ತವೆ.